ಎರಡೇ ಸೀಟಿನ ಗಾಡಿ

ಇಂಗ್ಲೆಂಡಿಗೆ ಬಂದ ಎರಡನೇ ವರ್ಷ ಒಂದು ಹಳೇ ಕಾರು ಕೊಂಡೆ. ಊರಿಗೆ ಫೋನ್ ಮಾಡಿ ಹೇಳಿದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ ನೀವು ಊಹಿಸಿದ್ದೇ: "ಎಷ್ಟು ಕೊಡ್ತದ್ಲಾ?" ಲೀಟರಿಗೆ 12 ಅಂದೆ. ಎಷ್ಟು ಜನ ಕೂರಬಹುದು ಅಂದರು. ಇಬ್ಬರು ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಎಲ್ಡೇನಾ? ಅಷ್ಟ್ ದುಡ್ಡು ಕೊಟ್ಟು ಎಲ್ಡೇ ಸೀಟಾ? ನಿಮ್ಮವ್ವ ಎಲ್ ಕುಂತ್ಕಂಡಳು?"

ನ್ಯಾಯವಾದ ಪ್ರಶ್ನೆಯೇ. ಮಂಡ್ಯ ಕಡೆಯ ನಮ್ಮ ಹಳ್ಳಿಯಲ್ಲಿ ಗಾಡಿಯ ಯೋಗ್ಯತೆ ಅಳೆಯೋದು ಅದು ಎಷ್ಟು ಹೊರುತ್ತೆ ಅನ್ನೋದರಿಂದ. ಬಿಇ ಮುಗಿಸಿ ಬೆಂಗಳೂರು ಸೇರಿದ ಮೇಲೂ ಯಾವ ಕಾರು ಕಂಡರೂ ನಾನು ಮೊದಲು ನೋಡ್ತಿದ್ದದ್ದು ಡಿಕ್ಕಿಯನ್ನ. ಅಂಥವನು 1992ರ ಮಜ್ದಾ ಎಂಎಕ್ಸ್-5 ಕೊಂಡಿದ್ದೆ. ಕ್ಯಾನ್ವಾಸಿನ ಮಡಚುವ ಟಾಪು, ಎರಡು ಸೀಟು, ಒಂದು ಸೂಟ್‌ಕೇಸ್ ಹಿಡಿಸುವ ಡಿಕ್ಕಿ. "ಮಜ್ದಾ ಅಂದ್ರೆ ಆ ಲಾರಿ ಮಾಡೋರಾ?" ಅಂತಲೂ ಅಪ್ಪ ಕೇಳಿದರು. ಸ್ವರಾಜ್ ಮಜ್ದಾ ನೋಡಿದವರಿಗೆ ಇನ್ನೇನು ನೆನಪಾಗಬೇಕು?

ಈ ಕತೆ ಬರೆಯೋಕೆ ಕಾರಣ ಕಾರು ಕೊಂಡಿದ್ದಲ್ಲ, ಅದು ಪರೀಕ್ಷೆಯಲ್ಲಿ ಫೇಲಾಗಿದ್ದು. ಇಲ್ಲಿ ಮೂರು ವರ್ಷ ದಾಟಿದ ಕಾರುಗಳನ್ನು ವರ್ಷಕ್ಕೊಮ್ಮೆ ಎಂಒಟಿ ಅನ್ನೋ ತಪಾಸಣೆಗೆ ಒಯ್ಯಬೇಕು. ಮೆಕ್ಯಾನಿಕ್ ಕಾರನ್ನು ಮೇಲೆತ್ತಿ, ಬಾಗಿಲ ಕೆಳಗೆ ಚಕ್ರದಿಂದ ಚಕ್ರಕ್ಕೆ ಹೋಗುವ ತಗಡಿನ ಪೆಟ್ಟಿಗೆಯನ್ನು ಸ್ಕ್ರೂಡ್ರೈವರಿನಲ್ಲಿ ಒಂದು ಸಲ ಒತ್ತಿದ. ಹಪ್ಪಳದ ಹಾಗೆ ಒಡೆದು ಒಳಗೆ ಹೋಯ್ತು. ಅದಕ್ಕೆ ಸಿಲ್ ಅಂತಾರೆ. ತಲೆಯ ಮೇಲೆ ಗಟ್ಟಿ ಛಾವಣಿ ಇಲ್ಲದ ಕಾರಿಗೆ ಅದೇ ಬೆನ್ನುಮೂಳೆ.

ತಪ್ಪು ನನ್ನದೇ. ಟಾಪಿನ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದೆ ಎರಡು ಕೊಳವೆಗಳಲ್ಲಿ ಇಳಿದು ಕೆಳಗೆ ಹೋಗುತ್ತೆ. ಅದರಲ್ಲಿ ಎಲೆ, ಕಸ ಕಟ್ಟಿಕೊಂಡರೆ ನೀರು ಸಿಲ್ ಕಡೆಗೆ ತಿರುಗಿ ಅಲ್ಲೇ ನಿಲ್ಲುತ್ತೆ. ಚಳಿಗಾಲದಲ್ಲಿ ಹಿಮ ಕರಗಿಸಲು ಇಲ್ಲಿ ರಸ್ತೆಗೆ ಉಪ್ಪು ಬೇರೆ ಹಾಕ್ತಾರೆ. ವರ್ಷಕ್ಕೆರಡು ಸಲ ಕೊಳವೆ ಕ್ಲೀನ್ ಮಾಡಬೇಕು ಅಂತ ಓದಿದ್ದೆ, ಮಾಡಿರಲಿಲ್ಲ. ಎರಡೂ ಕಡೆ ಕೊಯ್ದು ಹೊಸ ತಗಡು ವೆಲ್ಡ್ ಮಾಡೋಕೆ 1,400 ಪೌಂಡು ಅಂದ. ಕಾರಿಗೆ ನಾನು ಕೊಟ್ಟಿದ್ದು 2,600. "ಗುಜರಿಗೆ ಹಾಕಿದರೂ ಯಾರೂ ನಿನ್ನನ್ನ ಬೈಯಲ್ಲ" ಅಂತಲೂ ಸೇರಿಸಿದ.

ಮುಂದಿನ ವರ್ಷ ನಾವು ಊರಿಗೆ ವಾಪಸ್ಸು. ತಯಾರಾಗಿ ಮೂರು ವರ್ಷ ದಾಟಿದ ಕಾರನ್ನು ಭಾರತಕ್ಕೆ ತರೋಕೆ ನಿಯಮ ಬಿಡಲ್ಲ. ಅಂದರೆ ಹೇಗೂ ಬಿಟ್ಟು ಹೋಗಬೇಕಾದ ಗಾಡಿಗೆ ಅರ್ಧ ಬೆಲೆ ಸುರಿಯಬೇಕಾ? ಯೋಚಿಸಿ ಹೇಳ್ತೀನಿ ಅಂತ ಎರಡು ವಾರ ಟೈಮ್ ತಗೊಂಡೆ. ಆ ಎರಡು ವಾರ ರಾತ್ರಿಯೆಲ್ಲ ಕೂತು ಓದಿದ್ದು ಇದರ ಚರಿತ್ರೆಯನ್ನ.

ಕತೆ ಶುರುವಾಗೋದು ನಾನಿರುವ ರೆಡಿಂಗ್‌ನಿಂದ ಮುಕ್ಕಾಲು ಗಂಟೆ ದೂರದ ಆಬಿಂಗ್ಡನ್ ಅನ್ನೋ ಊರಿನಲ್ಲಿ. ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟನ್ ಕೈಯಲ್ಲಿ ದುಡ್ಡಿರಲಿಲ್ಲ. ರಫ್ತು ಮಾಡುವವರಿಗೆ ಮಾತ್ರ ಉಕ್ಕು ಅನ್ನೋ ಪರಿಸ್ಥಿತಿ. ಆಬಿಂಗ್ಡನ್‌ನ ಎಂಜಿ ಕಾರ್ಖಾನೆ 1945ರಲ್ಲಿ ಟಿಸಿ ಅನ್ನೋ ಪುಟ್ಟ ಕಾರು ತಂದಿತು. 1250 ಸಿಸಿ ಇಂಜಿನ್, 54 ಅಶ್ವಶಕ್ತಿ, ಸೈಕಲ್ಲಿನಂಥ ತೆಳು ಚಕ್ರ. ಬ್ರಿಟನ್ನಿನಲ್ಲಿದ್ದ ಅಮೆರಿಕದ ಸೈನಿಕರಿಗೆ ಇಂಥ ಕಾರುಗಳ ರುಚಿ ಹತ್ತಿತು. ಅವರ ದೇಶದಲ್ಲಿ ಕಾರು ಅಂದರೆ ಹಡಗು. ಇದೋ, ತಿರುಗಿಸಿದ ಕಡೆ ತಟ್ಟನೆ ತಿರುಗುವ ಗಾಡಿ. ಅಲ್ಲಿಂದ ಮುಂದೆ ಟ್ರಯಂಫ್, ಆಸ್ಟಿನ್-ಹೀಲಿ, ಲೋಟಸ್ ಎಲ್ಲ ಬಂದವು.

ಇವುಗಳ ಹಿಂದಿನ ಲೆಕ್ಕ ಬಹಳ ಸರಳ. ಕಾರು ಹಗುರವಾದರೆ ಸಣ್ಣ ಇಂಜಿನ್ ಸಾಕು. ಇಂಜಿನ್ ಸಣ್ಣದಾದರೆ ಸಣ್ಣ ಬ್ರೇಕು, ತೆಳು ಟಯರು, ಚಿಕ್ಕ ಪೆಟ್ರೋಲ್ ಟ್ಯಾಂಕು ಸಾಕು. ಆಗ ಕಾರು ಇನ್ನಷ್ಟು ಹಗುರವಾಗುತ್ತೆ, ಅಗ್ಗವೂ ಆಗುತ್ತೆ. ಈ ಲೆಕ್ಕವನ್ನು ಹಠಕ್ಕೆ ಬಿದ್ದು ಮಾಡಿದವನು ಲೋಟಸ್‌ನ ಕಾಲಿನ್ ಚಾಪ್‌ಮನ್. 1962ರಲ್ಲಿ ಅವನು ತಂದ ಎಲಾನ್ ಕಾರಿನ ತೂಕ ಸುಮಾರು 680 ಕೆಜಿ. ಹೆಚ್ಚುಕಮ್ಮಿ ನಮ್ಮ ಮಾರುತಿ 800ರಷ್ಟು, ಆದರೆ ಇಂಜಿನ್ ಅದರ ಎರಡರಷ್ಟು. ಓಟದ ಎತ್ತಿಗೆ ಹೊರೆ ಗಾಡಿ ಕಟ್ಟಲ್ಲ ಅನ್ನೋದು ನಮ್ಮೂರಲ್ಲೂ ಎಲ್ಲರಿಗೂ ಗೊತ್ತಿರೋ ವಿಷಯವೇ.

ಅದೇ 1962ರಲ್ಲಿ ಆಬಿಂಗ್ಡನ್‌ನಿಂದ ಎಂಜಿಬಿ ಬಂತು. 5 ಲಕ್ಷಕ್ಕೂ ಹೆಚ್ಚು ತಯಾರಾದವು. ಹಾಗಿದ್ದೂ ಮುಳುಗಿತು. ಯಾಕೆ? ಒಂದು, ಅಮೆರಿಕದ ಹೊಸ ಸುರಕ್ಷತಾ ನಿಯಮಗಳು. ಬಂಪರು ಇಂತಿಷ್ಟು ಎತ್ತರದಲ್ಲಿರಬೇಕು, ಇಂತಿಷ್ಟು ಹೊಡೆತ ತಡೀಬೇಕು ಅಂತಾದಾಗ, ಹೊಸ ಕಾರು ಮಾಡೋ ಬದಲು 1974ರಲ್ಲಿ ಇದ್ದ ಕಾರಿಗೇ ದಪ್ಪ ರಬ್ಬರ್ ಮೂತಿ ಅಂಟಿಸಿ ಇಡೀ ಕಾರನ್ನು ಎತ್ತರಿಸಿದರು. ಕಾರು ತಿರುವಿನಲ್ಲಿ ವಾಲತೊಡಗಿತು. ಎರಡು, ಮಾತೃಸಂಸ್ಥೆ ಬ್ರಿಟಿಷ್ ಲೇಲ್ಯಾಂಡ್ ನಷ್ಟದಲ್ಲಿತ್ತು. ಮೂರು, 18 ವರ್ಷ ಒಂದೇ ವಿನ್ಯಾಸಕ್ಕೆ ತೇಪೆ ಹಚ್ಚುತ್ತಲೇ ಹೋದರು. ಸಾಫ್ಟ್‌ವೇರಿನಲ್ಲಿ ಇರೋರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟರಲ್ಲಿ ಗಾಲ್ಫ್ ಜಿಟಿಐನಂಥ ಕಾರುಗಳು ನಾಲ್ಕು ಸೀಟು ಕೊಟ್ಟು ಅದಕ್ಕಿಂತ ಜೋರಾಗಿ ಓಡುತ್ತಿದ್ದವು. 1980ರ ಅಕ್ಟೋಬರಿನಲ್ಲಿ ಆಬಿಂಗ್ಡನ್ ಕಾರ್ಖಾನೆಗೆ ಬೀಗ ಬಿತ್ತು.

ಇಲ್ಲಿಂದ ಕತೆ ಹಿರೋಶಿಮಾಕ್ಕೆ ಹೋಗುತ್ತೆ. ಮಜ್ದಾ ಅಲ್ಲಿಯದು. 1920ರಲ್ಲಿ ಕಾರ್ಕ್ ತಯಾರಿಸಲು ಶುರುವಾದ ಕಂಪನಿ, 1931ರಿಂದ ಮೂರು ಚಕ್ರದ ಸರಕು ಗಾಡಿ ಮಾಡುತ್ತಿತ್ತು. 1945ರಲ್ಲಿ ಅಣುಬಾಂಬು ಬಿದ್ದಾಗ ನಡುವೆ ಹಿಜಿಯಾಮಾ ಅನ್ನೋ ಗುಡ್ಡ ಅಡ್ಡವಿದ್ದ ಕಾರಣ ಕಾರ್ಖಾನೆ ಉಳಿಯಿತು. ಅದೇ ಡಿಸೆಂಬರಿನಲ್ಲಿ ಮತ್ತೆ ಮೂರು ಚಕ್ರದ ಗಾಡಿ ಹೊರಬಂತು. ಅಪ್ಪ ಹೇಳಿದ್ದು ನಿಜ, ಇವರು ಲಾರಿ ಮಾಡೋರೇ.

1970ರ ದಶಕದ ಕೊನೆಗೆ ಬಾಬ್ ಹಾಲ್ ಅನ್ನೋ ಅಮೆರಿಕದ ಕಾರು ಪತ್ರಕರ್ತ ಮಜ್ದಾದ ಸಂಶೋಧನಾ ವಿಭಾಗದ ಮುಖ್ಯಸ್ಥ ಕೆನಿಚಿ ಯಾಮಾಮೊಟೊ ಅವರನ್ನು ಭೇಟಿಯಾದ. ಮುಂದೆ ಯಾವ ಕಾರು ಮಾಡಬೇಕು ಅಂತ ಯಾಮಾಮೊಟೊ ಕೇಳಿದರಂತೆ. ಹಳೇ ಬ್ರಿಟಿಷ್ ಕಾರಿನಂಥದ್ದು, ಹಗುರ, ಅಗ್ಗ, ಮುಂದೆ ಇಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ, ಈಗ ಅದನ್ನು ಯಾರೂ ಮಾಡ್ತಿಲ್ಲ ಅಂದ ಹಾಲ್. 1981ರಲ್ಲಿ ಅವನೇ ಮಜ್ದಾದ ಕ್ಯಾಲಿಫೋರ್ನಿಯಾ ಕಚೇರಿ ಸೇರಿಕೊಂಡ. ಕಂಪನಿಯೊಳಗೇ ಪೈಪೋಟಿ ನಡೆಯಿತು. ಟೋಕಿಯೊದವರು ಮುಂದಿನ ಚಕ್ರಕ್ಕೆ ಶಕ್ತಿ ಕೊಡುವ ಒಂದು, ನಡುವೆ ಇಂಜಿನ್ ಇರುವ ಇನ್ನೊಂದು ವಿನ್ಯಾಸ ತಂದರು. ಗೆದ್ದಿದ್ದು ಕ್ಯಾಲಿಫೋರ್ನಿಯಾದವರ ಹಳೇ ಶೈಲಿ. ತಮಾಷೆ ನೋಡಿ, ಓಡಿಸಿ ನೋಡಬಹುದಾದ ಮೊದಲ ಮಾದರಿಯನ್ನು ಕಟ್ಟಿಸಿದ್ದು ಇಂಗ್ಲೆಂಡಿನ ವರ್ದಿಂಗ್ ಊರಿನ ಒಂದು ವಿನ್ಯಾಸ ಸಂಸ್ಥೆಯಲ್ಲಿ. 1985ರಲ್ಲಿ ಅದನ್ನು ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದ ಬೀದಿಗಳಲ್ಲಿ ಓಡಿಸಿದರು. ಕಂಡ ಜನ ಹಿಂದೆಯೇ ಬಂದು ಏನಿದು ಅಂತ ಕೇಳಿದರಂತೆ.

ಅದನ್ನು ನಿಜವಾದ ಕಾರು ಮಾಡಿದವರು ತೋಶಿಹಿಕೊ ಹಿರಾಯ್. ಅವರು ತಂಡದ ಮುಂದಿಟ್ಟ ಮಾತು ಜಿನ್ಬಾ ಇತ್ತಾಯ್, ಅಂದರೆ ಕುದುರೆ ಮತ್ತು ಸವಾರ ಒಂದೇ ದೇಹ. ನಾನು ಇದನ್ನು ಓದಿದಾಗ ನೆನಪಾಗಿದ್ದು ಅಪ್ಪನ ಎತ್ತುಗಳು. ಹಗ್ಗ ಜಗ್ಗೋದೇ ಬೇಡ, ನಾಲಗೆಯಲ್ಲಿ ಒಂದು ಸದ್ದು ಮಾಡಿದರೆ ತಿರುಗುತ್ತಿದ್ದವು.

ಆ ಒಂದು ಮಾತಿಗಾಗಿ ಏನೇನು ಮಾಡಿದರು ಅನ್ನೋದು ಕಾರಿನ ಕೆಳಗೆ ಮಲಗಿದರೆ ಕಾಣುತ್ತೆ. ಗೇರ್‌ಬಾಕ್ಸಿನಿಂದ ಹಿಂದಿನ ಡಿಫರೆನ್ಷಿಯಲ್‌ವರೆಗೆ ಅಲ್ಯೂಮಿನಿಯಮ್ಮಿನ ಒಂದು ಉದ್ದ ತೊಲೆ ಇದೆ. ಆಕ್ಸಿಲರೇಟರ್ ಒತ್ತಿದ ಕೂಡಲೇ ಒದ್ದಾಟವಿಲ್ಲದೆ ಶಕ್ತಿ ಚಕ್ರಕ್ಕೆ ಹೋಗಲಿ ಅಂತ. ಬಾನೆಟ್ ಕೂಡ ಅಲ್ಯೂಮಿನಿಯಂ. ಮುಂದಿನ ಭಾರ ಕಡಿಮೆಯಾಗಲಿ ಅಂತ ಬ್ಯಾಟರಿಯನ್ನು ಡಿಕ್ಕಿಗೆ ಕಳಿಸಿದ್ದಾರೆ. ಇಂಜಿನ್ ಹೊಸದೇನಲ್ಲ, ಅವರದೇ ಫ್ಯಾಮಿಲಿ ಕಾರಿನ 1.6 ಲೀಟರ್ ಇಂಜಿನ್ನನ್ನು ಉದ್ದಕ್ಕೆ ತಿರುಗಿಸಿ ಕೂರಿಸಿದ್ದು. ನನ್ನ ಪ್ರಕಾರ ಇಡೀ ಕಾರಿನ ಅತ್ಯಂತ ಜಾಣ ನಿರ್ಧಾರ ಅದು. ಯಾಕಂದರೆ ಬ್ರಿಟಿಷ್ ಕಾರುಗಳು ಆಯಿಲ್ ಸೋರೋದಕ್ಕೂ ಮಳೆಯಲ್ಲಿ ಸ್ಟಾರ್ಟ್ ಆಗದಿರೋದಕ್ಕೂ ಹೆಸರುವಾಸಿ. ಇದು ಬೆಳಿಗ್ಗೆ ಕೀ ತಿರುಗಿಸಿದರೆ ಆಫೀಸಿಗೆ ಹೊರಡುತ್ತೆ.

1989ರ ಫೆಬ್ರವರಿಯಲ್ಲಿ ಶಿಕಾಗೊ ಪ್ರದರ್ಶನದಲ್ಲಿ ಕಾರು ಹೊರಬಂತು. ತೂಕ ಜಪಾನಿನ ಮಾದರಿಯಲ್ಲಿ 940 ಕೆಜಿ, ಬೆಲೆ ಅಮೆರಿಕದಲ್ಲಿ 13,800 ಡಾಲರ್. ಸತ್ತೇಹೋಯ್ತು ಅಂದುಕೊಂಡಿದ್ದ ಜಾತಿ ಎದ್ದು ನಿಂತಿತು. ಅದರ ಗೆಲುವು ನೋಡಿ ಬಿಎಂಡಬ್ಲ್ಯು, ಮರ್ಸಿಡಿಸ್, ಫಿಯಾಟ್ ಎಲ್ಲರೂ ಎರಡು ಸೀಟಿನ ಕಾರು ತಂದರು. 1995ರಲ್ಲಿ ಎಂಜಿಯೂ ವಾಪಸ್ಸು ಬಂತು. ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಅಂತ 2000ದಲ್ಲಿ ಎಂಎಕ್ಸ್-5 ಗಿನ್ನೆಸ್ ದಾಖಲೆ ಸೇರಿತು. 2016ರ ಏಪ್ರಿಲ್‌ನಲ್ಲಿ 10 ಲಕ್ಷದ ಕಾರು ಹೊರಬಂತು. ಅಷ್ಟು ಹೊತ್ತಿಗೆ ಬೇರೆಲ್ಲ ಕಾರುಗಳು ಉಬ್ಬಿ ಹೋಗಿದ್ದವು. ಇದು 2015ರ ನಾಲ್ಕನೇ ತಲೆಮಾರಿನಲ್ಲೂ ಸುಮಾರು 1,000 ಕೆಜಿಯಲ್ಲೇ ನಿಂತಿತ್ತು.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಈ ಅಂಕಿಗಳಲ್ಲ. 2017ರಲ್ಲಿ ಮಜ್ದಾ ಜಪಾನಿನಲ್ಲಿ ಒಂದು ಘೋಷಣೆ ಮಾಡಿತು. ಮೊದಲ ತಲೆಮಾರಿನ ಹಳೇ ಕಾರುಗಳನ್ನು ಕಂಪನಿಯೇ ವಾಪಸ್ಸು ತಗೊಂಡು ಸರಿಮಾಡಿ ಕೊಡುತ್ತೆ, ನಿಂತುಹೋದ ಬಿಡಿಭಾಗಗಳನ್ನು ಮತ್ತೆ ತಯಾರಿಸುತ್ತೆ ಅಂತ. ಮಡಚುವ ಟಾಪು, ಮರದ ಸ್ಟಿಯರಿಂಗ್, ಕೊನೆಗೆ ಆ ಕಾಲದ ಬ್ರಿಡ್ಜ್‌ಸ್ಟೋನ್ ಟಯರ್ ಕೂಡ. 28 ವರ್ಷ ಹಳೇ ಕಾರಿಗೆ! ಮೂರು ವರ್ಷ ಹಳೇ ಫೋನಿಗೆ ಅಪ್‌ಡೇಟ್ ನಿಲ್ಲಿಸೋ ಕಾಲದಲ್ಲಿ ನಾವಿದ್ದೀವಿ. ಇದು ದಾನಧರ್ಮವಲ್ಲ, ವ್ಯಾಪಾರವೇ. ಆದರೆ ಸರಿಮಾಡೋಕೆ ಅಷ್ಟೊಂದು ಕಾರುಗಳು ಉಳಿದಿರಬೇಕಲ್ಲ? ಅವು ಉಳಿದದ್ದು ಮಾಲೀಕರು ನೋಡಿಕೊಂಡಿದ್ದರಿಂದ. ನೋಡಿಕೊಳ್ಳೋಕೆ ಆಗಿದ್ದು ಅದು ಸರಳವಾಗಿದ್ದರಿಂದ. ಬಾನೆಟ್ ಎತ್ತಿದರೆ ಕೈ ಹೋಗುವಷ್ಟು ಜಾಗವಿದೆ. ಟೈಮಿಂಗ್ ಬೆಲ್ಟು ಸುಮಾರು 96,000 ಕಿಲೋಮೀಟರಿಗೆ ಬದಲಿಸಬೇಕು, ಒಂದು ವೇಳೆ ನಡುದಾರಿಯಲ್ಲಿ ಹರಿದರೂ ನನ್ನ 1.6 ಇಂಜಿನ್ನಿನಲ್ಲಿ ವಾಲ್ವು ಪಿಸ್ಟನ್ನಿಗೆ ಬಡಿಯಲ್ಲ. ಗೇರ್‌ಬಾಕ್ಸ್ ಪಕ್ಕದ ಕ್ಲಚ್ ಸಿಲಿಂಡರ್ ಸೋರಿದಾಗ ಒಂದು ಭಾನುವಾರ ನಾನೇ ಬದಲಿಸಿದ್ದೆ. ಬಿಇ ಕಂಪ್ಯೂಟರ್ ಸೈನ್ಸ್ ಮಾಡಿದವನು, ಕೈಗೆ ಗ್ರೀಸ್ ಮೆತ್ತಿಕೊಂಡು!

ಚಾಪ್‌ಮನ್‌ಗೆ ಹಗುರ ಅಂದರೆ ವೇಗ. ಹಿರಾಯ್ ತಂಡ ಅದಕ್ಕೆ ಇನ್ನೊಂದು ಸೇರಿಸಿತು, ಸಾಮಾನ್ಯ ಸಂಬಳದವನ ಕೈಗೆ ಎಟುಕಬೇಕು, ಎಟುಕಿದ ಮೇಲೆ ಬಾಳಬೇಕು. ಕಟ್ಟಿದವರು ಅವರ ಪಾಲಿನದನ್ನು ಮಾಡಿ ಮುಗಿಸಿದ್ದರು. ಕೊಳವೆ ಕ್ಲೀನ್ ಮಾಡೋದು ನನ್ನ ಪಾಲಿನದ್ದು.

ಊರಿಗೆ ಫೋನ್ ಮಾಡಿ ಅಪ್ಪನಿಗೆ ತುಕ್ಕಿನ ವಿಷಯ ಹೇಳಿದೆ. ಬಯ್ತಾರೆ, ಮಾರಿಬಿಡು ಅಂತಾರೆ ಅಂದುಕೊಂಡಿದ್ದೆ. "ಗಾಡಿ ತಕ್ಕಂಡ್ ಮ್ಯಾಕೆ ಕೀಲೆಣ್ಣೆ ಬಿಡೋದು ಯಾರ್ ಕೆಲ್ಸ?" ಅಂದರು, ಅಷ್ಟೇ.

ವೆಲ್ಡ್ ಮಾಡಿಸಿದೆ. ದುಡ್ಡಿನ ಲೆಕ್ಕದಲ್ಲಿ ಅದು ನಷ್ಟವೇ, ಒಪ್ಪುತ್ತೇನೆ. ಮುಂದಿನ ವರ್ಷ ಕೊಳ್ಳುವವನಿಗೆ ಬಿಲ್ಲುಗಳ ಫೈಲಿನ ಜೊತೆ ಒಂದು ಚೀಟಿಯನ್ನೂ ಕೊಡ್ತೀನಿ, ಯಾವ ಕೊಳವೆ ಎಲ್ಲಿದೆ ಅಂತ ಚಿತ್ರ ಬರೆದು.

ಜೂನ್‌ನಲ್ಲಿ ಅಪ್ಪ ಅವ್ವ ಬಂದಿದ್ದರು. ಟಾಪು ಮಡಚಿ ಅವ್ವನನ್ನು ಮುಂದೆ ಕೂರಿಸಿಕೊಂಡು ಥೇಮ್ಸ್ ದಡದ ರಸ್ತೆಯಲ್ಲಿ ಒಂದು ಸುತ್ತು ಹೋಗಿಬಂದೆ. ಸೆರಗನ್ನು ತಲೆಗೆ ಬಿಗಿದು ಕಟ್ಟಿಕೊಂಡು, ದಾರಿಯುದ್ದಕ್ಕೂ ಬಾಗಿಲು ಹಿಡಿದು ಕೂತಿದ್ದಳು. ವಾಪಸ್ಸು ಬಂದಾಗ ಅಪ್ಪ ಗೇಟಿನ ಹತ್ತಿರವೇ ನಿಂತಿದ್ದರು, ಷರಟಿನ ಮೇಲಿನ ಗುಂಡಿ ಹಾಕಿಕೊಂಡು, ತಮ್ಮ ಪಾಳಿಗೆ ಕಾಯುತ್ತಾ.