ಬಳ್ಳಾರಿ ಮೊದಲೋ, ಬಸವಕಲ್ಯಾಣ ಮೊದಲೋ?

ಇವತ್ತಿನ ಸಂಚಿಕೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯ ಕಥೆ ಹೇಳ್ತೀನಿ. ವೆಬ್‌ಸೈಟ್‌ನಲ್ಲಿ ಏನಾದರೂ ಹುಡುಕಿದಾಗ ಮೇಲಿನ ವಿಳಾಸ ನೋಡಿ. ಎಷ್ಟೋ ಸಲ ಅದರ ಮಧ್ಯೆ ಈ ಚಿಹ್ನೆ ಇರುತ್ತೆ. ಅಲ್ಲಿಂದ ಮುಂದಿರೋದು ಸರ್ವರ್‌ಗೆ ನಾವು ಸಲ್ಲಿಸೋ ಕೋರಿಕೆ. ‘ಸಾರ್ಟ್ ಈಕ್ವಲ್ಸ್ ನೇಮ್’ ಅಂತಿದ್ದರೆ, ಪಟ್ಟಿಯನ್ನು ಹೆಸರಿನ ಪ್ರಕಾರ ಜೋಡಿಸಿಕೊಡು ಅಂತ ಅರ್ಥ.

ಕ್ರಮ ಬೇಕು ಅಂತ ಬಾಯಿಬಿಟ್ಟು ಕೇಳಬೇಕಾ? ಕೇಳಲೇಬೇಕು. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಒಂದು ಪ್ರಬಂಧ ಬರೆದರು. ಮಾಹಿತಿಯನ್ನು ಕೋಷ್ಟಕಗಳಾಗಿ ನೋಡೋಣ, ಅದರ ಸಾಲುಗಳು ಹಿಂದೆ ಮುಂದೆ ಆದರೂ ಅರ್ಥ ಬದಲಾಗಬಾರದು ಅನ್ನೋದು ಅವರ ವಾದ. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಮುಂದಿಟ್ಟ ಭಾಷೆಯೇ ಇವತ್ತಿನ ಎಸ್‌ಕ್ಯೂಎಲ್. ಅದರಲ್ಲಿ ‘ಆರ್ಡರ್ ಬೈ’ ಅಂತ ಹೇಳದಿದ್ದರೆ ಸಾಲುಗಳು ಯಾವ ಕ್ರಮದಲ್ಲಿ ಬರುತ್ತವೆ ಅನ್ನೋದಕ್ಕೆ ಖಾತ್ರಿ ಇಲ್ಲ.

1993ರ ಹೊತ್ತಿಗೆ ವೆಬ್‌ಗೆ ಸಿಜಿಐ ಅನ್ನೋ ವ್ಯವಸ್ಥೆ ಬಂತು. ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗವನ್ನು ಸರ್ವರ್ ಒಂದು ಪ್ರೋಗ್ರಾಂಗೆ ದಾಟಿಸತೊಡಗಿತು. 2000ದಲ್ಲಿ ರಾಯ್ ಫೀಲ್ಡಿಂಗ್ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ‘ರೆಸ್ಟ್’ ಶೈಲಿಯನ್ನು ವಿವರಿಸಿದರು. ಆಮೇಲೆ ವೆಬ್ ಎಪಿಐಗಳು ಎಲ್ಲೆಡೆ ಹಬ್ಬಿದವು. ಆದರೆ ವಿಂಗಡಣೆಗೆ ಎಲ್ಲರೂ ಒಪ್ಪಿದ ಒಂದೇ ಪದ ಹುಟ್ಟಲೇ ಇಲ್ಲ. ಒಬ್ಬರದ್ದು ‘ಸಾರ್ಟ್’, ಇನ್ನೊಬ್ಬರದ್ದು ‘ಆರ್ಡರ್‌ಬೈ’. 2015ರಲ್ಲಿ ಬಂದ ಜೇಸನ್‌ ಎಪಿಐ ನಿಯಮಾವಳಿಯಲ್ಲಿ ಹೆಸರಿನ ಮುಂದೆ ಒಂದು ಮೈನಸ್ ಹಾಕಿದರೆ ಇಳಿಕೆ ಕ್ರಮ.

ಇಲ್ಲಿಗೆ ಕಥೆ ಮುಗೀತು ಅನ್ನಿಸಬಹುದು. ಆದರೆ ನನಗೆ ಮುಖ್ಯ ಅನ್ನಿಸೋ ಪ್ರಶ್ನೆ ಬೇರೆ: ಹೆಸರಿನ ಪ್ರಕಾರ ಅಂದರೆ ಯಾರ ಅಕ್ಷರಮಾಲೆಯ ಪ್ರಕಾರ?

ಕಂಪ್ಯೂಟರ್‌ಗೆ ಅಕ್ಷರ ಅಂದರೆ ಒಂದು ಸಂಖ್ಯೆ. ಯೂನಿಕೋಡ್‌ನಲ್ಲಿ ಕನ್ನಡದ ಸಂಖ್ಯೆಗಳು ಭಾರತದ್ದೇ ಆದ 1988ರ ಇಸ್ಕಿ ಸಂಕೇತವನ್ನು ಅನುಸರಿಸಿ ಬಂದವು. ದೇಶದ ಹಲವು ಲಿಪಿಗಳನ್ನು ಒಂದೇ ಅಚ್ಚಿಗೆ ಹೊಂದಿಸಿದ್ದರಿಂದ, ಅಲ್ಲಿ ‘ಳ’ ಅಕ್ಷರ ‘ಲ’ದ ಪಕ್ಕದಲ್ಲೇ ಕೂತಿದೆ. ನಾವು ಶಾಲೆಯಲ್ಲಿ ಕಲಿತಿದ್ದು? ಶ, ಷ, ಸ, ಹ, ಕೊನೆಗೆ ಳ. ಹಾಗಾಗಿ ಬರೀ ಸಂಖ್ಯೆ ನೋಡಿ ಜೋಡಿಸಿದರೆ ಬಳ್ಳಾರಿ ಮೊದಲು, ಬಸವಕಲ್ಯಾಣ ಆಮೇಲೆ. ನಮ್ಮ ವರ್ಣಮಾಲೆಯಲ್ಲಿ ಬಸವಕಲ್ಯಾಣವೇ ಮೊದಲು.

ಇದೇನು ಮಹಾ ವಿಷಯ ಅಂತೀರಾ? ಉದ್ದನೆಯ ಫಲಾನುಭವಿಗಳ ಪಟ್ಟಿಯಲ್ಲಿ ಒಬ್ಬ ಅಜ್ಜಿ ತನ್ನ ಹೆಸರು ಇರಬೇಕಾದ ಜಾಗದಲ್ಲಿ ಹುಡುಕಿ, ಕಾಣದೆ, ‘ನನ್ನ ಹೆಸರು ಬಂದಿಲ್ಲ’ ಅಂತ ವಾಪಸ್ ಹೋಗಬಹುದು. ಹೆಸರು ಅಲ್ಲೇ ಇರುತ್ತೆ, ನಾಲ್ಕು ಪುಟ ಹಿಂದೆ.

ಪರಿಹಾರ ಇದೆ. ಸಂಕೇತ ಸಂಖ್ಯೆಯ ಕ್ರಮವೇ ಭಾಷೆಯ ಕ್ರಮ ಅಲ್ಲ ಅಂತ ಯೂನಿಕೋಡ್ ಕೂಡ ಹೇಳುತ್ತೆ. ಭಾಷೆಗೆ ತಕ್ಕ ಜೋಡಣೆಯ ನಿಯಮಕ್ಕೆ ‘ಕೊಲೇಷನ್’ ಅಂತಾರೆ. ಅದನ್ನು ಡೇಟಾಬೇಸ್‌ಗೆ ಹೇಳಬೇಕು, ಬಂದ ಪಟ್ಟಿಯನ್ನು ಕನ್ನಡ ಬಲ್ಲವರೊಬ್ಬರು ಓದಿ ನೋಡಬೇಕು. ಕ್ರಮ ಕೇಳಿದರಷ್ಟೇ ಸಾಲದು, ಯಾವ ಕ್ರಮ ಅಂತಲೂ ಹೇಳಬೇಕು.

ಮುಂದಿನ ಸಂಚಿಕೆಯಲ್ಲಿ ಸಿಗೋಣ.