ಗೆಂಡೆಮೀನುಗಳ ಪ್ರೇರಿತ ಪ್ರಜನನ

ಗಂಗೆಯೇ ಮೊದಲಾದ ಉತ್ತರದ ನದಿಗಳಲ್ಲಿ ಮುಂಗಾರಿನ ಪ್ರವಾಹವೇರಿದಾಗ ಮೊಟ್ಟೆಯಿಡುವ ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆಮೀನುಗಳು, ಕಾಸರಗೋಡು ಸೀಮೆಯ ಕೆರೆ ಮದಕಗಳಂತಹ ನಿಶ್ಚಲಜಲದಲ್ಲಿ ಪುಷ್ಟವಾಗಿ ಬೆಳೆದು ಪಕ್ವವಾದರೂ ಸಹಜವಾಗಿ ಸಂತಾನೋತ್ಪತ್ತಿ ಮಾಡಲಾರವಾದುದರಿಂದ, ಸಾಕಣೆಗಾರರು ಹಿಂದೆ ನದಿಗಳಲ್ಲಿ ಹಿಡಿದ ಮಿಶ್ರಜಾತಿಯ ಮರಿಗಳನ್ನೇ ಆಶ್ರಯಿಸಬೇಕಾಗಿದ್ದಿತು.

1957ನೆಯ ಇಸವಿ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಹಾಗೂ ಕೆ. ಎಚ್. ಅಲಿಕುಂಞಿಯವರು, ಮೀನಿನ ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಗಳಿಂದ ಮೊಟ್ಟೆಯಿಡಿಸುವುದರಲ್ಲಿ ಸಫಲರಾದರು; ಆ ದಿನವೇ ರಾಷ್ಟ್ರೀಯ ಮತ್ಸ್ಯಕೃಷಿಕರ ದಿನವೆನಿಸಿದೆ.

ಸಂಜೆ ಹೆಣ್ಣುಮೀನಿಗೆ ಅಲ್ಪಪ್ರಮಾಣದ ಚುಚ್ಚುಮದ್ದನ್ನೂ, ಸುಮಾರು 6 ಗಂಟೆಗಳ ತರುವಾಯ ಅಧಿಕಪ್ರಮಾಣದ ಎರಡನೆಯದನ್ನೂ ಕೊಟ್ಟು, ಆಗಲೇ ಒಮ್ಮೆ ಚುಚ್ಚುಮದ್ದು ಪಡೆದ ಗಂಡುಗಳೊಡನೆ ನೀರಿನಲ್ಲಿ ಕಟ್ಟಿದ ಬಟ್ಟೆಯ ತೊಟ್ಟಿಗೆ ಬಿಟ್ಟರೆ, ಬೆಳಗಾಗುವಷ್ಟರಲ್ಲಿ ನೀರುಂಡು ಉಬ್ಬಿದ ಮೊಟ್ಟೆಗಳು ಮಣಿಗಳಂತೆ ತುಂಬಿರುತ್ತವೆ. ಗ್ರಂಥಿಸಾರದ ಬದಲಿಗೆ ಇಂದು ಕೃತಕ ಹಾರ್ಮೋನುಗಳೂ ಬಳಕೆಯಲ್ಲಿವೆ.