ಸೂಪರ್‌ಆಂಟಿಜೆನ್

ಸೂಪರ್‌ಆಂಟಿಜೆನ್‌ಗಳು (ಅತಿಪ್ರತಿಜನಕಗಳು) ರೋಗನಿರೋಧಕ ವ್ಯವಸ್ಥೆಯ ಟಿ-ಜೀವಕೋಶಗಳನ್ನು ಭಾರಿ ಸಂಖ್ಯೆಯಲ್ಲಿ ಏಕಕಾಲಕ್ಕೆ ಪ್ರಚೋದಿಸುವ ಪ್ರೋಟೀನುಗಳು. ಇವುಗಳಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಗಾದವು ಸ್ಟ್ಯಾಫಿಲೋಕಾಕಸ್ ಆರಿಯಸ್ ಮತ್ತು ಸ್ಟ್ರೆಪ್ಟೋಕಾಕಸ್ ಪಯೋಜಿನಸ್ ಬ್ಯಾಕ್ಟೀರಿಯಾಗಳು ಸ್ರವಿಸುವ ವಿಷಗಳು. ಇವು ತರುವ ಹಾನಿಗೆ ಬಹುಮಟ್ಟಿಗೆ ದೇಹದ ಸ್ವಂತ ಪ್ರತಿಕ್ರಿಯೆಯ ಅತಿರೇಕವೇ ಕಾರಣ.

ಕ್ರಿಯಾವಿಧಾನ

ಸಾಮಾನ್ಯ ಸೋಂಕಿನಲ್ಲಿ ಮ್ಯಾಕ್ರೋಫೇಜ್‌ನಂತಹ ಕೋಶಗಳು ಪ್ರತಿಜನಕವನ್ನು ಒಡೆದು, ಅದರ ತುಣುಕನ್ನು ತಮ್ಮ ಮೇಲ್ಮೈಯಲ್ಲಿರುವ ಎರಡನೆಯ ವರ್ಗದ ಎಂಎಚ್‌ಸಿ ಅಣುವಿನ ತೋಡಿನಲ್ಲಿರಿಸಿ ಪ್ರದರ್ಶಿಸುತ್ತವೆ. ಆ ತುಣುಕಿಗೆ ಹೊಂದುವ ಗ್ರಾಹಕವುಳ್ಳ ಟಿ-ಕೋಶಗಳು ಮಾತ್ರ ಸಕ್ರಿಯವಾಗುತ್ತವೆ. ಅವುಗಳ ಪ್ರಮಾಣ ಸುಮಾರು 10,000ಕ್ಕೆ ಒಂದು ಅಥವಾ ಇನ್ನೂ ಕಡಿಮೆ.

ಸೂಪರ್‌ಆಂಟಿಜೆನ್ ಒಡೆಯದೆ, ಇಡಿಯಾಗಿಯೇ ತೋಡಿನ ಹೊರಗೆ ಎಂಎಚ್‌ಸಿ ಅಣುವಿಗೂ ಟಿ-ಕೋಶ ಗ್ರಾಹಕದ ವಿ-ಬೀಟಾ ಭಾಗಕ್ಕೂ ಅಂಟಿಕೊಂಡು ಎರಡನ್ನೂ ಬೆಸೆಯುತ್ತದೆ. ಒಂದೇ ಬಗೆಯ ವಿ-ಬೀಟಾ ಭಾಗ ಅಸಂಖ್ಯ ಟಿ-ಕೋಶಗಳಲ್ಲಿ ಇರುವುದರಿಂದ, ಅವು ಯಾವ ತುಣುಕನ್ನು ಗುರುತಿಸಬಲ್ಲವು ಎಂಬುದನ್ನು ಲೆಕ್ಕಿಸದೆ, ಶೇಕಡಾ 20ರವರೆಗಿನ ಟಿ-ಕೋಶಗಳು ಒಮ್ಮೆಲೇ ಪ್ರಚೋದನೆಗೊಳ್ಳಬಹುದು. ಆಗ ಟಿಎನ್ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-2, ಇಂಟರ್‌ಫೆರಾನ್-ಗಾಮಾ ಮುಂತಾದ ಸೈಟೋಕೈನ್‌ಗಳು ಅಪಾರವಾಗಿ ಬಿಡುಗಡೆಯಾಗುತ್ತವೆ. ರಕ್ತನಾಳಗಳಿಂದ ದ್ರವ ಸೋರಿ, ರಕ್ತದೊತ್ತಡ ಕುಸಿದು, ಮೂತ್ರಪಿಂಡ, ಯಕೃತ್ತು ಮುಂತಾದ ಅಂಗಗಳು ವಿಫಲವಾಗಬಹುದು.

ಸಂಬಂಧಿತ ಕಾಯಿಲೆಗಳು

ಇವುಗಳಲ್ಲಿ ಪ್ರಮುಖವಾದುದು ಟಾಕ್ಸಿಕ್ ಶಾಕ್ ಸಿಂಡ್ರೋಮ್. ತೀವ್ರ ಜ್ವರ, ಬಿಸಿಲಿಗೆ ಸುಟ್ಟಂತೆ ಕಾಣುವ ಚರ್ಮದ ಕೆಂಪು ಮತ್ತು ರಕ್ತದೊತ್ತಡದ ಕುಸಿತ ಇದರ ಲಕ್ಷಣಗಳು. ಒಂದೆರಡು ವಾರಗಳ ಬಳಿಕ ಅಂಗೈ, ಅಂಗಾಲುಗಳ ಚರ್ಮ ಸುಲಿಯುತ್ತದೆ. ಮುಟ್ಟಿನ ಸಮಯದಲ್ಲಿ ಟ್ಯಾಂಪೂನ್ ಬಳಸುವವರಲ್ಲಿ ಮಾತ್ರವಲ್ಲದೆ, ಸುಟ್ಟಗಾಯ ಅಥವಾ ಶಸ್ತ್ರಚಿಕಿತ್ಸೆಯ ಗಾಯವುಳ್ಳ ಯಾರಲ್ಲಿಯೂ ಇದು ಉಂಟಾಗಬಹುದು.

ಸ್ಟ್ಯಾಫಿಲೋಕಾಕಸ್‌ನ ಎಂಟೆರೋಟಾಕ್ಸಿನ್‌ಗಳು ಸೂಪರ್‌ಆಂಟಿಜೆನ್‌ಗಳಾಗಿರುವುದರ ಜೊತೆಗೆ ವಾಂತಿಯನ್ನೂ ಉಂಟುಮಾಡುತ್ತವೆ. ಕೈಸೋಂಕಿನಿಂದ ಕೆಟ್ಟ ಖೋವಾ, ಹಾಲಿನ ಸಿಹಿತಿಂಡಿಗಳನ್ನು ಮತ್ತೆ ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯಬಹುದು; ಆದರೆ ಶಾಖಕ್ಕೆ ಜಗ್ಗದ ಈ ವಿಷ ಉಳಿಯುತ್ತದೆ. ಇದನ್ನು ಆಹಾರದಲ್ಲಿ ಪತ್ತೆಹಚ್ಚುವ ವಿಧಾನಗಳ ಕುರಿತು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದಲ್ಲಿ ಸಂಶೋಧನೆಗಳು ನಡೆದಿವೆ.

ಇತಿಹಾಸ

ಅಮೆರಿಕದ ವೈದ್ಯ ಜೇಮ್ಸ್ ಟಾಡ್ ಮತ್ತು ಸಹೋದ್ಯೋಗಿಗಳು 1978ರಲ್ಲಿ ಏಳು ಮಕ್ಕಳಲ್ಲಿ ಕಂಡ ಕಾಯಿಲೆಗೆ ಟಾಕ್ಸಿಕ್ ಶಾಕ್ ಸಿಂಡ್ರೋಮ್ ಎಂದು ಹೆಸರಿಟ್ಟರು. 1980ರಲ್ಲಿ ಅಮೆರಿಕದಲ್ಲಿ ಅತಿಹೀರಿಕೆಯ ಟ್ಯಾಂಪೂನ್‌ಗಳಿಗೆ ಸಂಬಂಧಿಸಿದ ಪ್ರಕರಣಗಳು ಹೆಚ್ಚಿ ಕಾಯಿಲೆ ಜನರ ಗಮನಕ್ಕೆ ಬಂದಿತು. ಫಿಲಿಪ್ಪಾ ಮ್ಯಾರಕ್, ಜಾನ್ ಕ್ಯಾಪ್ಲರ್ ಮತ್ತು ಸಂಗಡಿಗರು 1989ರಲ್ಲಿ ‘ಸೂಪರ್‌ಆಂಟಿಜೆನ್’ ಎಂಬ ಪದವನ್ನು ಬಳಕೆಗೆ ತಂದರು.

ಚಿಕಿತ್ಸೆ

ಸೋಂಕಿನ ಮೂಲವನ್ನು ತೆಗೆದುಹಾಕುವುದು, ರಕ್ತನಾಳದ ಮೂಲಕ ದ್ರವ ನೀಡುವುದು ಹಾಗೂ ಪ್ರತಿಜೀವಕಗಳು ಚಿಕಿತ್ಸೆಯ ಆಧಾರ. ಬ್ಯಾಕ್ಟೀರಿಯಾ ಸತ್ತರೂ ಈಗಾಗಲೇ ಸ್ರವಿಸಿದ ವಿಷ ಉಳಿಯುವುದರಿಂದ, ಪ್ರೋಟೀನ್ ತಯಾರಿಕೆಯನ್ನೇ ತಡೆದು ಹೊಸ ವಿಷದ ಉತ್ಪಾದನೆಯನ್ನು ತಗ್ಗಿಸುವ ಕ್ಲಿಂಡಾಮೈಸಿನ್ ಅನ್ನು ಇತರ ಔಷಧಗಳೊಡನೆ ನೀಡಲಾಗುತ್ತದೆ.